ಚಿಕ್ಕಿಯ ವಾಲ್ವ್ ರೇಡಿಯೋ

ಕರೆಂಟಿನ ಕೆಲಸ ಬಿಟ್ಟು ನಾನು ಬ್ರಹ್ಮಾವರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಪೈಪು, ಮೊಳೆ ಮಾರಿಕೊಂಡಿದ್ದ ಕಾಲ ಅದು. ಅದಕ್ಕೂ ಮೊದಲು ಗಂಗೊಳ್ಳಿ ಬಂದರಿನ ಸುತ್ತಮುತ್ತ ವಯರಿಂಗ್ ಮಾಡುತ್ತಿದ್ದೆ. ಒಂದು ದಿನ ಐಸ್ ಪ್ಲಾಂಟಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿಯೇ ಮೋಟಾರಿಗೆ ಕೈ ಹಾಕಿದ್ದೆ. ಆದರೆ ಕರೆಂಟು ಕೂಡಿಟ್ಟುಕೊಳ್ಳುವ ಅದರ ಕಂಡೆನ್ಸರಿನ ಒಳಗೆ ಇನ್ನೂ ಸ್ವಲ್ಪ ಉಳಿದಿತ್ತು. ಹೊಡೆದ ಹೊಡೆತಕ್ಕೆ ಒದ್ದೆ ನೆಲದ ಮೇಲೆ ಹೋಗಿ ಬಿದ್ದೆ.

ಮೈಗೆ ಹೆಚ್ಚೇನೂ ಆಗಲಿಲ್ಲ. ಕೈ ಮಾತ್ರ ಹೇಳಿದ್ದು ಕೇಳುವುದನ್ನು ಬಿಟ್ಟಿತು. ಟೆಸ್ಟರ್ ಹಿಡಿದರೆ ನಡುಕ. ಮನೆಯಲ್ಲಿ ಬಲ್ಬು ಹೋದರೂ ಹೆಂಡತಿಯೇ ಸ್ಟೂಲ್ ಹತ್ತುತ್ತಿದ್ದಳು.

ಹಾಗಿರುವಾಗ ಒಂದು ಭಾನುವಾರ ಗಂಗೊಳ್ಳಿಯಿಂದ ಚಿಕ್ಕಿ ಬಂದಳು. ನನ್ನ ಅಮ್ಮನ ತಂಗಿ, ಇಡೀ ಆಯುಷ್ಯ ಮೀನು ಮಾರಿದವಳು. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದ ಸೀರೆಯ ಗಂಟೊಂದನ್ನು ನನ್ನ ಕೈಗೆ ಕೊಟ್ಟಳು.

"ಎಂತ ಚಿಕ್ಕಿ ಇದ್?"

"ರೇಡಿಯ. ಮಾತಾಡುವಂಗೆ ಮಾಡಿ ಕೊಡ್."

ಚಿಕ್ಕಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಕೊಂಡು ತಂದ, ಗಾಜಿನ ಬುರುಡೆಯಂಥ ವಾಲ್ವುಗಳಿರುವ ಹಳೇ ವಾಲ್ವ್ ರೇಡಿಯೋ ಅದು. ಅವರು ತೀರಿಕೊಳ್ಳುವ ಮೊದಲೇ ಅದರ ಸೊಲ್ಲು ಅಡಗಿತ್ತು.

"ನಾ ಈಗ ಕರೆಂಟಿನ್ ಕೆಲ್ಸ ಮಾಡ್ತಿಲ್ಲೆ ಚಿಕ್ಕಿ."

"ಗೊತ್ತಿತ್ತ್ ಮಗಾ. ಕುಂದಾಪ್ರದ್ ಅಂಗ್ಡಿಗೆ ತಕಂಡ್ ಹೋದ್ರೆ ಗುಜ್ರಿಗೆ ಹಾಕಿ ಅಂದ್ರ್. ಮನಿಯಂಗೆ ಟೀವಿ ಮಕ್ಕಳದ್, ಫೋನ್ ಸೊಸೆದ್. ನಂದ್ ಅಂತ ಒಂದ್ ಮಾತಾಡು ವಸ್ತು ಬ್ಯಾಡ್ದಾ?"

ನಗು ಬಂತು. ಗಂಟನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟೆ.

ಗಂಟು ಬಹಳ ದಿನ ಹಾಗೇ ಮೇಜಿನ ಮೇಲೆ ಕೂತಿತ್ತು. ಕೊನೆಗೆ ಒಂದು ರಜೆಯ ಬೆಳಿಗ್ಗೆ ಹಿಂದಿನ ಹಲಗೆ ಬಿಚ್ಚಿದೆ. ಒಳಗೆ ಧೂಳು, ಹಲ್ಲಿ ಮೊಟ್ಟೆಯ ಚಿಪ್ಪು, ಮುಟ್ಟಿದರೆ ಪುಡಿಯಾಗುವ ರಬ್ಬರ್ ವಯರು. ಗೋಡೆಯ ಕರೆಂಟನ್ನು ವಾಲ್ವುಗಳಿಗೆ ಬೇಕಾದಂತೆ ಬದಲಿಸಿಕೊಡುವ ಭಾಗವೇ ಕೆಟ್ಟಿದೆ ಎಂದು ನೋಡಿದ ಕೂಡಲೇ ಅನಿಸಿತು. ಅಲ್ಲಿಯೂ ಕಂಡೆನ್ಸರುಗಳು! ಕೈ ಹಿಂದಕ್ಕೆ ತೆಗೆದುಕೊಂಡೆ.

ಹೆಂಡತಿ ಅಡುಗೆಮನೆಯಿಂದ ಬಂದು ನೋಡಿದಳು.

"ಹ್ವಾಯ್, ನಾ ಮೇನ್ ಸ್ವಿಚ್ ಹತ್ರ ನಿಂತ್ಕಂತೆ. ನೀವ್ ಮಾಡಿ."

ಹಳೆಯ ವಯರು ಕಿತ್ತು ಹೊಸದು ಹಾಕಿದೆ. ರೇಡಿಯೋವನ್ನು ನೇರ ಪ್ಲಗ್ಗಿಗೆ ಕೊಡದೆ ನಡುವೆ ಒಂದು ಹಳೇ ಬಲ್ಬು ಸೇರಿಸಿದೆ. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೋ ಸುಡುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬು ಮಂದವಾಗಿಯೇ ಇತ್ತು. ಉಸಿರು ಬಿಡುವಷ್ಟರಲ್ಲಿ ಮೆಲ್ಲಮೆಲ್ಲನೆ ಏರಿ ಧಗ್ಗನೆ ಉರಿಯಿತು.

"ತೆಗಿ ತೆಗಿ!" ಎಂದು ಕೂಗಿದೆ. ಅವಳು ಮೇನ್ ಎಳೆದಳು.

ಟ್ರಾನ್ಸ್‌ಫಾರ್ಮರೇ ಸುಟ್ಟಿದ್ದರೆ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅದು ಸುಟ್ಟಿದ್ದರೆ ಬಲ್ಬು ಮೊದಲಿಗೇ ಉರಿಯಬೇಕಿತ್ತಲ್ಲ? ಕಂಡೆನ್ಸರುಗಳಿಗೆ ಕರೆಂಟು ಕಳಿಸುವ ರೆಕ್ಟಿಫೈಯರ್ ವಾಲ್ವನ್ನು ಕಿತ್ತಿಟ್ಟು ಮತ್ತೆ ಸ್ವಿಚ್ ಹಾಕಿ ನೋಡಿದರೆ ಬಲ್ಬು ಮಂದವಾಗಿಯೇ ಉಳಿಯಿತು. ಟ್ರಾನ್ಸ್‌ಫಾರ್ಮರ್ ಗಟ್ಟಿಯಾಗಿತ್ತು. ಸತ್ತಿದ್ದು ಕಂಡೆನ್ಸರುಗಳು.

ಹೊಸ ಕಂಡೆನ್ಸರು ತರಿಸಿ ಬೆಸುಗೆ ಹಾಕಿದೆ. ಈ ಸಲ ಬಲ್ಬು ಮಂದವಾಗಿ ನಿಂತಿತು. ಬಲ್ಬು ತೆಗೆದು ನೇರ ಕೊಟ್ಟಾಗ ಮೀಟರಿನಲ್ಲಿ ವೋಲ್ಟೇಜು ಸರಿಯಾಗಿ ಏರಿತು. ಆದರೆ ಕೆಳಗೆ ಒಂದು ವಯರು ಸಡಿಲವಾಗಿತ್ತು. ಅದನ್ನು ಬಿಗಿ ಮಾಡಬೇಕಾದರೆ ಆ ತುಂಬಿದ ಕಂಡೆನ್ಸರನ್ನು ನಾನೇ ಬರಿದು ಮಾಡಬೇಕು. ಪ್ಲಗ್ಗು ಕಿತ್ತೆ. ತುಂಬಿದ ಕರೆಂಟನ್ನು ಮೆಲ್ಲಗೆ ಹರಿಸಿಬಿಡುವ ರೆಸಿಸ್ಟರನ್ನು ಇಕ್ಕುಳದಲ್ಲಿ ಹಿಡಿದೆ. ನಡುಗುತ್ತಿದ್ದ ಕೈಯಲ್ಲೇ ತಂದು ಕಂಡೆನ್ಸರಿಗೆ ತಾಗಿಸಿದೆ. ಮೀಟರಿನ ಅಂಕೆ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು. ಆಮೇಲೆ ಬರಿಗೈಯಲ್ಲಿ ಮುಟ್ಟಿದೆ. ಏನೂ ಆಗಲಿಲ್ಲ. ಸಡಿಲ ವಯರನ್ನು ಬಿಗಿ ಮಾಡಿದೆ. ಹೆಂಡತಿ ಬಂದು ಹೆಗಲ ಮೇಲೆ ಕೈ ಇಟ್ಟಳು.

ರೇಡಿಯೋ ತೆಗೆದುಕೊಂಡು ಇಬ್ಬರೂ ಗಂಗೊಳ್ಳಿಗೆ ಹೋದೆವು. ಮೊದಲು ಬರೀ ಗರಗರ. ಎಲ್‌ಇಡಿ ಬಲ್ಬುಗಳ ಕಿರಿಕಿರಿ ಇರಬೇಕೆಂದು ನಾನು ಹೇಳಿದಾಗ ಚಿಕ್ಕಿಯ ಸೊಸೆ ಅವನ್ನು ಒಂದೊಂದಾಗಿ ಆರಿಸಿದಳು. ನಾನು ಮುಳ್ಳು ತಿರುಗಿಸಿದೆ. ಗರಗರದ ನಡುವಿನಿಂದ ಒಬ್ಬ ಹೆಂಗಸಿನ ದನಿ ಸ್ಪಷ್ಟ ಕನ್ನಡದಲ್ಲಿ ಗೇರುಗಿಡಕ್ಕೆ ಗೊಬ್ಬರ ಹಾಕುವುದು ಹೇಗೆಂದು ಹೇಳತೊಡಗಿತು.

ಚಿಕ್ಕಿಗೆ ಗೇರುಗಿಡವೇ ಇರಲಿಲ್ಲ. ಆದರೂ ಹತ್ತಿರ ಕೂತು ಪೂರ್ತಿ ಕೇಳಿದಳು. ನಡುವೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಬಿಸಿ ಆಯ್ತಲ್ಲ ಮಗಾ!" ಎಂದಳು.

"ವಾಲ್ವ್ ಬಿಸಿ ಆಯ್ಕ್ ಚಿಕ್ಕಿ. ಹಾಂಗಾರೇ ಮಾತಾಡೂದ್."

"ಹಾಂಗಾರೆ ಅಡ್ಡಿಲ್ಲೆ. ಬಾವಿ ಪಂಪಿನ್ ಸ್ವಿಚ್ಚೂ ಕೆಟ್ಟಿತ್. ಅದನ್ನೊಂದ್ ಕಾಣ್."

ನಾನು ಎದ್ದು ಹೋಗಿ ನೋಡಿದೆ. ಸರಿಯೂ ಮಾಡಿದೆ. ಮುಂದೆ ಬೈಂದೂರಿನಲ್ಲಿ ಹೊಸ ಮನೆಯೊಂದರ ವಯರಿಂಗಿಗೆ ಜನ ಬೇಕೆಂದು ಅಂಗಡಿಗೆ ಬಂದವರು ವಿಚಾರಿಸಿದಾಗ, ಬೇರೆಯವರ ಹೆಸರು ಹೇಳಹೊರಟವನು ತಡೆದು, "ನಾನೇ ಬರ್ತೆ" ಎಂದೆ.