ಭಟ್ಕಳದ ಒತ್ತಕ್ಷರ

ಸ್ನೇಹಿತರೇ, ನಾಚಿಕೆಯಿಂದ ಇದನ್ನು ಹೇಳದೇ ಬಿಡುವವಳಿದ್ದೆ. ನಾನು ವಿನ್ಯಾಸ ಮಾಡಿದ ಮಲ್ಲಿಗೆ ಅಂಗಡಿಯ ವೆಬ್‌ಸೈಟನ್ನು ಇವತ್ತು ಭಟ್ಕಳದಲ್ಲಿ ಮಾಲೀಕರಾದ ಸಾಹೇಬರಿಗೆ ತೋರಿಸಿದೆ. ತೆರೆಯ ಮೇಲೆ ಊರಿನ ಹೆಸರು ‘ಭಟ್ ಕಳ’ ಎಂದು ಒಡೆದಿತ್ತು.

“ಎಂತ ಮೇಡಂ ಇದು? ನಾನು ಭಟ್ಟನೂ ಅಲ್ಲ, ಕಳ್ಳನೂ ಅಲ್ಲ! ಸಂಜೆ ದುಬೈಲಿರೋ ನಮ್ಮೂರವ್ರೆಲ್ಲ ನೋಡ್ತಾರೆ” ಎಂದರು ಸಾಹೇಬರು.

ಕುಮಟಾದಲ್ಲಿ ನಮಗೆ ಕೋಡ್ ಬರೆಯುವ ನಾಗವೇಣಿಗೆ ಫೋನ್ ಮಾಡಿದೆ.

“ಅಕ್ಕಾ, ಚಂದ ಕಾಣ್ಲಿ ಅಂತ ಅಕ್ಷರದ ಮಧ್ಯೆ ಜಾಗ ಬಿಡ್ಸಿದ್ದು ನೀವೇ. ಇಂಗ್ಲಿಷಾದ್ರೆ ಆತು, ಒತ್ತಕ್ಷರಕ್ಕೆ ಆಗೂದಿಲ್ಲ. ಆ ಸಾಲು ಅಳ್ಸಿ, ಎಲ್ಲಿದೆ ಅಂತ ನಾ ಹೇಳ್ತೆ.”

ನಾನೇ ಅಳಿಸಿದೆ. ಭಟ್ಕಳ ಕೂಡಿಕೊಂಡಿತು. ಸಾಹೇಬರು ನಕ್ಕು ಒಂದು ಮೊಳ ಮಲ್ಲಿಗೆ ಕೊಟ್ಟರು.

ವಿನ್ಯಾಸ ಮಾಡುವವರಿಗೆ ಕೋಡ್ ಯಾಕೆ ಎಂದು ವಾದಿಸುತ್ತಿದ್ದವಳು ನಾನು. ನಾಗವೇಣಿಯ ದಯೆಯಿಂದ ಈಗ ನನಗೂ ಒಂದು ಸಾಲು ಬರುತ್ತದೆ, ಅಳಿಸಲು ಮಾತ್ರ.

ಮನಸ್ಸು ಬದಲಾಗುವ ಮೊದಲು ಇವತ್ತೇ ಬ್ಲಾಗಿಗೆ ಹಾಕುತ್ತೇನೆ: ೧೪ ಜೂನ್ ೨೦೦೮.