ಒದ್ದೆ ಟವೆಲಿನಲ್ಲಿ ಒಣಗಿದ ಬಟ್ಟಲು

ಜನವರಿ ಹದಿನೆಂಟು, ಭಾನುವಾರ, ಬೆಳಗ್ಗೆ ಆರೂವರೆ. ವಾನ್ ಊರಿನ ನಮ್ಮ ಈಗಿನ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಬಾತ್‌ರೂಮಿನ ಮೂಲೆಯಲ್ಲಿ ರಾತ್ರಿಯೆಲ್ಲ ಮುದುಡಿ ಬಿದ್ದಿದ್ದ ಟವೆಲನ್ನು ಎತ್ತಿದೆ. ಆ ಮುಗ್ಗಲು ವಾಸನೆಗೆ, ಮೊದಲು ನಾವಿದ್ದ ರೆಕ್ಸ್‌ಡೇಲಿನ ಪಕ್ಕದ ಮನೆಯಾಕೆ ನೆನಪಾದರು...

ಅವರು ಜಪಾನಿನ ವಾಜಿಮಾದವರು. ಮರದ ಬಟ್ಟಲಿಗೆ ಒಂದು ಜಾತಿಯ ಮರದ ಹಾಲನ್ನು ಪದರದ ಮೇಲೆ ಪದರ ಬಳಿದು ಮೆರುಗು ತರುವುದು ಆ ಊರಿನ ಕಸುಬು. ಅವರ ತಂದೆ ಮಾಡಿದ್ದರಲ್ಲಿ ಒಂದು ಕೆಂಪು ಬಟ್ಟಲು ಮಾತ್ರ ಅವರ ಬಳಿ ಉಳಿದಿತ್ತು. ಅದರ ಅಂಚು ಚಕ್ಕೆ ಎದ್ದಾಗ ತಾವೇ ಮೆರುಗು ಬಳಿದು, ಒದ್ದೆ ಟವೆಲು ಹಾಸಿದ ಪೆಟ್ಟಿಗೆಯಲ್ಲಿಟ್ಟು, ಒಣಗುವವರೆಗೆ ನೋಡಿಕೊಳ್ಳಲು ನನಗೆ ಕೊಟ್ಟರು. ಮಗಳ ಬಾಣಂತನಕ್ಕೆ ವ್ಯಾಂಕೂವರ್‌ಗೆ ಹೊರಟಿದ್ದರು. "ಒಳಗಿನ ಟವೆಲು ಒದ್ದೆಯಾಗಿರಲಿ, ಅಷ್ಟೇ," ಎಂದರು.

ನಾನು ಕಾರ್ಖಾನೆಯಲ್ಲಿ ಬಣ್ಣ ಒಣಗಿಸುವ ಓವನ್‌ಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರು. ಒಣಗಬೇಕಾದ್ದಕ್ಕೆ ಒದ್ದೆ ಬಟ್ಟೆಯೇ? ಟವೆಲು ತೆಗೆದು, ಬಟ್ಟಲನ್ನು ಬೇಸ್‌ಮೆಂಟಿನಲ್ಲಿ ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಪಕ್ಕ ಇಟ್ಟೆ. ಮೂರನೆಯ ದಿನ ಮುಟ್ಟಿದೆ, ಅಂಟಿತು. ಹತ್ತನೆಯ ದಿನವೂ ಅಂಟಿತು.

ಅವರು ಬಂದು ಬಟ್ಟಲನ್ನು ಬೆಳಕಿಗೆ ಹಿಡಿದರು.

"ಇದು ಯಾರ ಹೆಬ್ಬೆರಳಿನ ಗುರುತು?"

"ನನ್ನದೇ," ಎಂದೆ. ಅವರ ತಂದೆಯ ವಸ್ತುವನ್ನು ಕೆಡಿಸಿದೆನಲ್ಲ ಎಂದು ತಲೆ ಎತ್ತಲಾಗಲಿಲ್ಲ.

"ಹಪ್ಪಳ ಅಂದ್ಕೊಂಡ್ರೇನ್ರೀ, ಬಿಸಿಗಿಟ್ಟು ಒಣಗಿಸೋಕೆ?" ಎಂದಳು ನನ್ನ ಹೆಂಡತಿ. ಹಪ್ಪಳ ಎಂದರೇನೆಂದು ಆಕೆ ಕೇಳಿದರು. ನಾಲ್ಕು ಕರಿದು ಕೊಟ್ಟ ಮೇಲೆ ಅರ್ಥವಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇದು ತೇವ ಕುಡಿದೇ ಗಟ್ಟಿಯಾಗುವುದು, ಮಿಸ್ಟರ್ ಎಂಜಿನಿಯರ್."

ಅಂಟು ಕೆರೆದು, ಹೊಸ ಪದರ ಬಳಿದು, ಅದೇ ಪೆಟ್ಟಿಗೆಯನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಪ್ರತಿದಿನ ಬೆಳಗ್ಗೆ ಆರಕ್ಕೆ ಟವೆಲು ಒದ್ದೆ ಮಾಡಿ, ಹಿಂಡಿ, ಹಾಸಿದೆ. ಒಂದು ದಿನವೂ ತಪ್ಪಲಿಲ್ಲ. ಹನ್ನೆರಡನೆಯ ದಿನ ಬಟ್ಟಲಿನ ಮೇಲೆ ಬೆರಳು ಅಂಟದೆ ಜಾರಿತು! ಕಾರ್ಖಾನೆಯಲ್ಲಿ ಬಡ್ತಿ ಸಿಕ್ಕಾಗಲೂ ನಾನು ಹಾಗೆ ಪಕ್ಕದ ಮನೆಗೆ ಓಡಿರಲಿಲ್ಲ.

ಮಗಳ ಮನೆಗೇ ಹೋಗಿ ನೆಲೆಸುವಾಗ ಬಟ್ಟಲನ್ನು ನಮಗೆ ಕೊಟ್ಟರು. "ಶೋಕೇಸಿನಲ್ಲಿಡಬೇಡಿ. ಊಟ ಮಾಡಿ."

ಅವರು ತೀರಿಕೊಂಡು ಆರು ವರ್ಷವಾಯಿತು. ಆಮೇಲೆ ವಾಜಿಮಾ ಭೂಕಂಪಕ್ಕೆ ಕುಸಿದದ್ದನ್ನು ಟಿವಿಯಲ್ಲಿ ಕಂಡೆ. ಹೋಗಿ ಮಾತಾಡಿಸಲು ಪಕ್ಕದ ಮನೆಯಲ್ಲಿ ಅವರಿರಲಿಲ್ಲ...

ಮಧ್ಯಾಹ್ನ ಆ ಬಟ್ಟಲಿನಲ್ಲೇ ಮೊಸರನ್ನ ಉಂಡೆ. ಚಳಿಗಾಲದ ಒಣಗಾಳಿಗೆ ಬಟ್ಟಲು ಬಿರಿಯದಿರಲೆಂದು ಕಪಾಟಿನಲ್ಲಿಡುವ ಲೋಟದ ನೀರನ್ನು ಬದಲಿಸಿದೆ.

"ಹಪ್ಪಳ ಒಣಗಿತೇನ್ರೀ?" ಎಂದಳು ನನ್ನ ಹೆಂಡತಿ, ಎಂದಿನಂತೆ.

ಬಟ್ಟಲು ತೊಳೆದು, ಒರೆಸಿ, ಲೋಟದ ಪಕ್ಕ ಇಟ್ಟು ಬಾಗಿಲು ಹಾಕಿದೆ.