ಏಕಾಂತಪ್ಪ ಅಂಟಿಸಿದ ರೀಲು

ನನ್ನ ಮೈದುನ ಏಕಾಂತಪ್ಪನ ಬಗ್ಗೆ ಹೇಳು ಅಂತೀರಲ್ಲ, ಹೇಳ್ತೀನಿ, ಕುಂತ್ಕಳ್ರಿ. ಒಳ್ಳೇ ಮಾತು ಬರ್ತೈತೆ ಅಂತ ಮಾತ್ರ ಕಾಯಬ್ಯಾಡ್ರಿ. ನಮ್ಮ ಬಿ.ದುರ್ಗದಾಗೆ ಎಲ್ಲರೂ ನೇಗಿಲು ಹಿಡಿದ್ರೆ, ಈ ಮುಂಡೇದು ಬಯಸ್ಕೋಪಿನ ಡೇರೆ ಹಿಂದೆ ಓಡಿಹೋತು. ಊರೂರು ತಿರುಗಿ, ಕೈಲಿ ತಿರುವೋ ಒಂದು ಹಳೇ ಪೆಟ್ಟಿಗೆ ಹೊತ್ಕಂಡು ಬಂತು. ಚಿತ್ರ ಹಿಡಿಯೋದೂ ಅದರಾಗೇ, ಪರದೆ ಮ್ಯಾಲೆ ಬಿಡೋದೂ ಅದರಾಗೇ.

ನಮ್ಮತ್ತೆ ಲಿಂಗೈಕ್ಯರಾದಾಗ ಬಿದಿರಿಗೆ ಹೂವು ಸುತ್ತಿ ವಿಮಾನ ಕಟ್ಟಿ, ಅದರಾಗೆ ಕೂರಿಸಿ ಹೊತ್ಕಂಡು ಹೊಂಟ್ವಿ. ನಮ್ಮ ಯಜಮಾನ್ರು, ಅವನ ಒಡಹುಟ್ಟಿದ ಅಣ್ಣ, ಹೆಗಲು ಕೊಟ್ಟು ಗಳಗಳ ಅಳ್ತಿದ್ರು. ಇವನೋ, ಹೆತ್ತ ತಾಯಿಗೆ ಹೆಗಲು ಕೊಡೋದು ಬಿಟ್ಟು ಹಿಂದೆ ನಿಂತು ಪೆಟ್ಟಿಗೆ ತಿರುವ್ತಿದ್ದ. ಮುಂದೆ ಬಂದು ಹಿಡಿಯೋಕೆ ಏನು ರೋಗ? ಬಿಸಿಲು ಚಿತ್ರ ಹಿಡಿಯೋನ ಬೆನ್ನಿಗೇ ಇರಬೇಕಂತೆ! ಹಂಗಾಗಿ ಅಣ್ಣನ ಬೆನ್ನಷ್ಟೇ ಸಿಕ್ತು, ಕಣ್ಣೀರು ಸಿಗಲಿಲ್ಲ.

ಸುಗ್ಗಿ ಕಾಲದಾಗೆ ನಮ್ಮ ಕರು ಯಜಮಾನ್ರ ರುಮಾಲು ಎಳೆದಿತ್ತು. ಅವರು ಹೊಟ್ಟೆ ಹಿಡ್ಕಂಡು ನಕ್ಕಿದ್ದನ್ನೂ ಇವನು ಹಿಡಿದಿಟ್ಟಿದ್ದ. ಚೂರುಪಾರು ತುಂಡುಗಳನ್ನೆಲ್ಲ ಒಂದೇ ರೀಲಿಗೆ ಅಂಟಿಸುವಾಗ, ಆ ನಗೂನ ಕೊನೇಗೆ, ವಿಮಾನದ ತುಂಡಿನ ಹಿಂದೇನೇ ಅಂಟಿಸ್ಯಾನೆ. ಅದೂ ಕರು ಇರೋ ಭಾಗ ಕತ್ತರಿಸಿ ಬಿಸಾಕಿ! "ಕರು ಮಸುಕಾಗಿತ್ತು ಅತ್ತಿಗೆ" ಅಂದ, ಬುದ್ಧಿಗೇಡಿ.

ಹೊಳಲ್ಕೆರೆ ಡೇರೆಯಾಗೆ ಜನವೆಲ್ಲ ನೋಡ್ತು. ತಾಯಿಯ ವಿಮಾನ, ಹೊತ್ತ ಮಗನ ಬೆನ್ನು, ತಟಕ್ಕನೆ ಅದೇ ಮಗನ ಮುಖ, ಹಲ್ಲು ಬಿಟ್ಕಂಡು! ಹಿಂದಕ್ಕೆ ತಿರುಗಿ ನಕ್ಕಂಗೇ ಕಾಣ್ತಿತ್ತು. ಚಿತ್ರಕ್ಕೆ ಬಾಯಿಲ್ಲದ ಕಾಲ ಅದು. ಪರದೆ ಪಕ್ಕ ಹಾರ್ಮೋನಿಯಂ ಬಾರಿಸ್ತಿದ್ದ ದಿಲಾವರ್ ಸಾಬರು, ಪಾಪ, ನಗು ಕಂಡು ಕುಣಿಯೋ ರಾಗ ಹಿಡಿದ್ರು. "ಥೂ, ಇವನೂ ಒಬ್ಬ ಮಗನಾ?" ಅಂತು ಜನ.

ಮಠದ ಪಂಕ್ತಿಯಾಗೆ ನಮ್ಮವರ ಪಕ್ಕ ಯಾರೂ ಕುಂದ್ರಲಿಲ್ಲ. ಅದು ಅಂಟಿಸಿದ್ದು ಕಣ್ರಪ್ಪಾ ಅಂತ ಬಾಯಿ ಬಾಯಿ ಬಡ್ಕಂಡೆ. "ಕಣ್ಣಾರೆ ನೋಡೀವಿ, ಸುಮ್ನಿರಮ್ಮ" ಅಂದ್ರು. ಆಗ ಈ ಮಹಾನುಭಾವ, ನಮ್ಮನ್ನ ಒಂದು ಮಾತೂ ಕೇಳ್ದೆ, ಆ ನಗುವಿನ ತುಂಡು ಕಿತ್ಕಂಡು ಮಠದ ಮುಂದೆ ಕಡ್ಡಿ ಗೀರಿದ. ಭಗ್ ಅಂತ ಉರಿದೋತು. "ತಪ್ಪು ನಂದು" ಅಂತ ಎಲ್ಲರಿಗೂ ಅಡ್ಡಬಿದ್ದ. ಜನಕ್ಕೆ ಸಮಾಧಾನ ಆತು, ಪಕ್ಕಕ್ಕೆ ಬಂದು ಕುಂತ್ರು. ಆದ್ರೆ ನಮ್ಮ ಯಜಮಾನ್ರು ಮತ್ತೆ ಬಾಯ್ಬಿಟ್ಟು ನಗಲಿಲ್ಲ. ನಗು ಬಂದ್ರೆ ಹೆಗಲ ಮೇಲಿನ ವಲ್ಲೀನ ಬಾಯಿಗೆ ಅಡ್ಡ ಹಿಡಿಯೋರು, ಕಣ್ಣು ಮುಚ್ಚೋವರೆಗೂ.

ಅವರು ಹೋದ ಮೇಲೆ ಏಕಾಂತಪ್ಪನ ಬಾಗಿಲಿಗೆ ಹೋದೆ. "ಲೇ, ನಿಮ್ಮಣ್ಣ ನಗೋದು ನೋಡಬೇಕು ನಾನು. ತೋರಿಸು."

"ಸುಟ್ಟೆನಲ್ಲ ಅತ್ತಿಗೆ, ನಿಮ್ಮ ಮಾನ ಉಳೀಲಿ ಅಂತ."

"ನಿನ್ನ ಕೈ ಸೇದೋಗ! ಉಳಿದಿದ್ದಾದ್ರೂ ತಿರುವು."

ಗೋಡೆಗೆ ಪಂಚೆ ಕಟ್ಟಿ ತಿರುವಿದ. ಅತ್ತೆ ವಿಮಾನದಾಗೆ ಕುಂತು ಹೋಗ್ತಿದ್ರು, ಹೊತ್ತ ನಮ್ಮವರ ಬೆನ್ನು ದೂರ ಆಗ್ತಿತ್ತು. "ಒಂದ್ಸಲ ಈ ಕಡೆ ತಿರುಗ್ರೀ" ಅಂತ ಕೂಗೇ ಬಿಟ್ಟೆ. ಆಗ ಸರಿಯಾಗಿ ರೀಲು ಮುಗಿದು ಪಂಚೆ ಬೆಳ್ಳಗಾತು.